ಅಜ್ಜಿಯನ್ನು ಸಾಯಿಸಿದ ಅರ್ಜಿ

ಮೊನ್ನೆ ನಮ್ಮ ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಮೂವರು ಹೌಸ್ ಸರ್ಜನ್ ಹುಡುಗಿಯರು ಬನ್ಸ್ ತಿನ್ನುತ್ತಾ, ಒಬ್ಬಳ ಅಜ್ಜಿಯನ್ನು ಯಾವ ಕಾಯಿಲೆಯಿಂದ ಸಾಯಿಸಿದರೆ ಒಳ್ಳೆಯದು ಎಂದು ಚರ್ಚೆ ಮಾಡುತ್ತಿದ್ದರು. ಒಬ್ಬಳು ಕ್ಯಾನ್ಸರ್ ಎಂದಳು. ಇನ್ನೊಬ್ಬಳು, "ಕ್ಯಾನ್ಸರ್ ಎಲ್ಲರೂ ಹಾಕ್ತಾರೆ ಮಾರಾಯ್ತಿ. ಹಾವು ಕಚ್ಚಿತು ಅಂತ ಹಾಕು, ಇಂಡಿಯಾ ಅಂತ ಕೂಡ್ಲೆ ಗೊತ್ತಾಗ್ತದೆ" ಎಂದಳು. ಅಜ್ಜಿಯ ಸ್ವಂತ ಮೊಮ್ಮಗಳು ಅದನ್ನು ಶ್ರದ್ಧೆಯಿಂದ ಮೊಬೈಲಿನಲ್ಲಿ ಬರೆದುಕೊಳ್ಳುತ್ತಿದ್ದಳು. ಹಿಂದಿನ ಮೇಜಿನಲ್ಲಿದ್ದ ನನಗೆ ಕುಡಿಯುತ್ತಿದ್ದ ಚಹಾ ನೆತ್ತಿಗೆ ಹತ್ತಿತು.

ವಿಷಯ ಗೊತ್ತಿಲ್ಲದವರು ಗಾಬರಿಯಾಗಬೇಡಿ. ಡಾಕ್ಟರ್ ಓದು ಮುಗಿಸಿದವರು ಅಮೆರಿಕದಲ್ಲಿ ಸ್ಪೆಷಲಿಸ್ಟ್ ಆಗಬೇಕಾದರೆ ಅಲ್ಲಿಯ ಆಸ್ಪತ್ರೆಗಳಿಗೆ ರೆಸಿಡೆನ್ಸಿ ಎಂಬ ತರಬೇತಿಗೆ ಅರ್ಜಿ ಹಾಕಬೇಕು. ಅರ್ಜಿಯ ಜೊತೆ ಒಂದು ಪುಟ ತಮ್ಮ ಬಗ್ಗೆ ತಾವೇ ಬರೆದು ಕೊಡಬೇಕು. ಅದಕ್ಕೆ ಪರ್ಸನಲ್ ಸ್ಟೇಟ್‌ಮೆಂಟ್ ಎಂದು ಹೆಸರು. ನಾನು ಯಾಕೆ ಡಾಕ್ಟರನಾದೆ, ನನ್ನ ಹೃದಯ ಎಲ್ಲಿ ಕರಗಿತು, ಯಾವಾಗ ಕರಗಿತು ಎಂಬುದು ಅದರಲ್ಲಿ ಬರಬೇಕು. ನಮ್ಮ ಕಡೆಯ ಮಕ್ಕಳಿಗೆ ಹೃದಯ ಎಲ್ಲಿದೆ ಎಂದು ಅಂಗರಚನಾಶಾಸ್ತ್ರದಲ್ಲಿ ಗೊತ್ತು, ಎಲ್ಲಿ ಕರಗಿತು ಎಂದರೆ ಗೊತ್ತಿಲ್ಲ. ಹಾಗಾಗಿ ಯಾರಾದರೂ ಸಾಯಬೇಕಾಗುತ್ತದೆ.

"ಸರ್, ನಿಮ್ಮ ಕಾಲದಲ್ಲೂ ಇದೆಲ್ಲ ಇತ್ತಾ?" ಎಂದು ಒಬ್ಬಳು ತಿರುಗಿ ಕೇಳಿದಳು.

"ಇತ್ತು. ನಾನೂ ನನ್ನ ಅಜ್ಜಿಯನ್ನು ಒಮ್ಮೆ ಸಾಯಿಸಿದ್ದೇನೆ" ಎಂದೆ. ಅವರು ನಕ್ಕರು. ಅಷ್ಟರಲ್ಲಿ ವಾರ್ಡಿನಿಂದ ಕರೆ ಬಂತು. ಪೂರ್ತಿ ಕತೆ ಹೇಳಲಿಕ್ಕಾಗಲಿಲ್ಲ. ಅವರಿಗೆ ಹೇಳದೆ ಉಳಿದದ್ದನ್ನು ನಿಮಗೆ ಹೇಳುತ್ತೇನೆ.

ಎಂಬತ್ತರ ದಶಕದ ಮಾತು. ನನ್ನ ಪಪ್ಪ ಜೆದ್ದಾದಲ್ಲಿ ಒಂದು ಹಡಗು ಏಜೆನ್ಸಿಯ ಆಫೀಸಿನಲ್ಲಿ ಟೈಪಿಸ್ಟ್ ಆಗಿದ್ದರು. ಪಪ್ಪ, ಮಮ್ಮಿ ಅಲ್ಲಿಯ ಅಜೀಜಿಯಾ ಬಡಾವಣೆಯಲ್ಲಿ ಎರಡು ಕೋಣೆಯ ಫ್ಲಾಟಿನಲ್ಲಿದ್ದರು. ನಾನು ಊರಿನಲ್ಲಿ ಹಾಸ್ಟೆಲಿನಲ್ಲಿದ್ದು ಮೆಡಿಕಲ್ ಓದಿದವನು. ಹೌಸ್ ಸರ್ಜನ್ಸಿ ಮುಗಿಸಿ, ಅಮೆರಿಕದವರು ನಡೆಸುವ ಪರೀಕ್ಷೆಯನ್ನೂ ಹೇಗೋ ದಾಟಿ, ಕೆಲವು ತಿಂಗಳು ಇದ್ದು ಅರ್ಜಿ ಹಾಕಿ ಹೋಗುವುದೆಂದು ಅಲ್ಲಿಗೆ ಹೋಗಿದ್ದೆ. ಅಜ್ಜಿ, ಅಂದರೆ ಪಪ್ಪನ ಅಮ್ಮ, ಕಲ್ಯಾಣಪುರದ ಮನೆಯಲ್ಲಿ ನನ್ನ ಸೋದರತ್ತೆಯ ಜೊತೆ ಇದ್ದಳು. ನಾನು ಹೊರಡುವ ದಿನ ನನ್ನ ಪೆಟ್ಟಿಗೆಯಲ್ಲಿ ಎರಡು ಕಿಲೋ ಒಣ ಸಿಗಡಿ ತುರುಕಿ, ಕಸ್ಟಮ್ಸಿನವರು ಕೇಳಿದರೆ ಔಷಧ ಎಂದು ಹೇಳು, ನೀನು ಡಾಕ್ಟರ್ ಅಲ್ಲವಾ ಎಂದಿದ್ದಳು.

ನನ್ನ ಜೊತೆಗೆ ಇನ್ನಿಬ್ಬರು ಅರ್ಜಿದಾರರು ಇದ್ದರು. ಒಬ್ಬ ಹನೀಫ್, ನನ್ನ ಸಹಪಾಠಿ, ಉಳ್ಳಾಲದ ಬ್ಯಾರಿ ಹುಡುಗ. ಅವನ ತಂದೆಗೆ ಜೆದ್ದಾದ ಹಳೆಯ ಪೇಟೆಯಲ್ಲಿ ಬಟ್ಟೆಯ ವ್ಯಾಪಾರ. ಇನ್ನೊಬ್ಬಳು ಜೆಸಿಂತಾ, ನನ್ನ ಚಿಕ್ಕಪ್ಪನ ಮಗಳು. ಅವಳೂ ನಮ್ಮದೇ ಕಾಲೇಜು. ಅವಳ ತಾಯಿ ಖಮೀಸ್ ಮುಶೈತಿನಲ್ಲಿ ನರ್ಸ್. ಅದು ಅದೇ ದೇಶದ ಬೆಟ್ಟದ ಮೇಲಿನ ತಂಪು ಊರು. ಅಂಥ ತಂಪು ಬಿಟ್ಟು ಜೆದ್ದಾದ ಸೆಖೆಗೆ ಅವಳು ಇಳಿದು ಬಂದದ್ದು ಪಪ್ಪನ ಟೈಪ್‌ರೈಟರಿಗಾಗಿ.

ಪಪ್ಪನ ಟೈಪಿಂಗ್ ಬಗ್ಗೆ ಎರಡು ಮಾತು ಹೇಳಲೇಬೇಕು. ನಮ್ಮ ಕಟ್ಟಡದಲ್ಲಿ ಯಾರಿಗೆ ರಜೆ ಬೇಕಾದರೂ, ಇಕಾಮಾ ಎಂಬ ವಾಸದ ಪರವಾನಗಿಯಲ್ಲಿ ಹೆಸರು ತಪ್ಪಾಗಿದ್ದರೂ, ಕೆಲಸ ಕೊಟ್ಟ ಅರಬ ಕಫೀಲನ ಮನಸ್ಸು ಕರಗಿಸಬೇಕಾದರೂ ಕಾಗದ ಹಿಡಿದುಕೊಂಡು ನಮ್ಮ ಬಾಗಿಲಿಗೆ ಬರುತ್ತಿದ್ದರು. ಪಪ್ಪ ಬನಿಯನ್ನಿನಲ್ಲಿ ಕುಳಿತು ಹತ್ತೂ ಬೆರಳುಗಳಿಂದ ಮಳೆ ಸುರಿದ ಹಾಗೆ ಟೈಪ್ ಮಾಡುತ್ತಿದ್ದರು. "ನನಗೆ ಅಕ್ಷರ ಮಾತ್ರ ಕಾಣುವುದು, ಅರ್ಥ ಕಾಣುವುದಿಲ್ಲ. ಅರ್ಥ ನೋಡಿದರೆ ಸ್ಪೀಡ್ ಬೀಳ್ತದೆ" ಎಂದು ಹೆಮ್ಮೆಯಿಂದ ಹೇಳುತ್ತಿದ್ದರು. ಅದು ಬರೀ ಜಂಭವಲ್ಲ. ಒಮ್ಮೆ ಆಫೀಸಿನಲ್ಲಿ ತಮ್ಮದೇ ರಜೆ ರದ್ದಾದ ಪತ್ರವನ್ನು ಬೆಳಿಗ್ಗೆ ತಾವೇ ಟೈಪ್ ಮಾಡಿ, ಮಧ್ಯಾಹ್ನ ಅದು ಕೈಗೆ ಬಂದಾಗ ಆಶ್ಚರ್ಯಪಟ್ಟವರು ಅವರು.

ನಾವು ಮೂವರು ಒಳಗಿನ ಕೋಣೆಯಲ್ಲಿ ಏಸಿಯ ಕೆಳಗೆ ಚಾಪೆ ಹಾಸಿ ಕುಳಿತು, ವಿಮ್ಟೊ ಕುಡಿಯುತ್ತಾ, ನಾವು ಯಾಕೆ ಡಾಕ್ಟರಾದೆವು ಎಂದು ಪತ್ತೆ ಮಾಡಲು ತೊಡಗಿದೆವು. ನನ್ನ ಮಟ್ಟಿಗೆ ಉತ್ತರ ಸುಲಭ. ಪಿಯುಸಿ ಮುಗಿದ ವರ್ಷ ಪಪ್ಪ ರಜೆಯಲ್ಲಿ ಬಂದಿದ್ದರು. ಮೆಡಿಕಲ್ ಕಾಲೇಜಿನ ಫಾರಮನ್ನು ದಪ್ಪಕ್ಷರದಲ್ಲಿ ತುಂಬಿಸಿ ನನ್ನ ಮುಂದಿಟ್ಟು, ಇಲ್ಲಿ ಸಹಿ ಹಾಕು ಎಂದರು. ನಾನು ವಾಲಿಬಾಲಿಗೆ ಹೊರಟವನು ನಿಂತುಕೊಂಡೇ ಹಾಕಿದೆ. ಸಹಿ ಮಾಡಿದ್ದು ಯಾವುದಕ್ಕೆ ಎಂದು ತಿಳಿದದ್ದು ವಾರದ ನಂತರ. ವಾಲಿಬಾಲಿನಲ್ಲಿಯೂ ನಾನು ಎಕ್ಸ್‌ಟ್ರಾ ಆಟಗಾರನೇ. ಹಾಗಾಗಿ ದೇಶಕ್ಕೆ ಅಂಥ ನಷ್ಟವೇನೂ ಆಗಲಿಲ್ಲ.

"ಇದನ್ನು ಬರೆದರೆ ಅವರು ನಿನ್ನಪ್ಪನಿಗೆ ಸೀಟು ಕೊಡ್ತಾರೆ" ಎಂದಳು ಜೆಸಿಂತಾ.

ಹನೀಫನ ಹತ್ತಿರ ಒಂದು ಮಾದರಿ ಇತ್ತು. ಅವನ ಸೀನಿಯರ್ ಒಬ್ಬರು ಅದನ್ನು ಕಳಿಸಿ ಅಮೆರಿಕಕ್ಕೆ ಹೋಗಿ ಕುಳಿತಿದ್ದರಂತೆ. ಅದರಲ್ಲಿ ಅವರ ಅಜ್ಜ ಅವರ ತೊಡೆಯ ಮೇಲೆ ಪ್ರಾಣ ಬಿಟ್ಟಿದ್ದರು.

"ನೋಡು, ಒಂದು ಸಾವು ಬೇಕು, ಒಂದು ಬಡತನ ಬೇಕು, ಕಡೆಗೆ ಒಂದು ಸೂರ್ಯೋದಯ ಬೇಕು" ಎಂದು ಹನೀಫ್ ಬೆರಳು ಮಡಚಿದ. "ನನ್ನ ಕಷ್ಟ ಎಂತ ಗೊತ್ತುಂಟಾ? ನಾನು ಹುಟ್ಟುವ ಮೊದಲೇ ನನ್ನ ಅಜ್ಜ ಅಜ್ಜಿ ನಾಲ್ಕೂ ಜನ ಹೋಗಿ ಆಗಿದೆ. ಒಬ್ಬರನ್ನೂ ನನಗೆ ಅಂತ ಉಳಿಸಲಿಲ್ಲ."

"ನಮಗೆ ಒಬ್ಬಳು ಅಜ್ಜಿ ಇದ್ದಾಳೆ" ಎಂದೆ.

ಹೇಳಿ ನಾನೂ ಜೆಸಿಂತಾಳೂ ಮುಖ ಮುಖ ನೋಡಿಕೊಂಡೆವು. ಇದ್ದ ಅಜ್ಜಿ ಒಬ್ಬಳೇ. ಅರ್ಜಿ ಎರಡು. ಒಂದೇ ಅಡ್ಡಹೆಸರಿನ ಇಬ್ಬರು, ಒಂದೇ ಕಾಲೇಜಿನವರು, ಒಂದೇ ಅಜ್ಜಿ ತಮ್ಮ ತಮ್ಮ ಕೈಯಲ್ಲಿ ಬೇರೆ ಬೇರೆ ವಾರ್ಡಿನಲ್ಲಿ ಸತ್ತಳೆಂದು ಬರೆದರೆ ಅಮೆರಿಕದವರಿಗೆ ಸಂಶಯ ಬರುವುದಿಲ್ಲವೇ? ನಾನು ಗಂಡು ಮೊಮ್ಮಗ, ನನಗೆ ಹಕ್ಕು ಹೆಚ್ಚು ಎಂದೆ. ಅವಳು, ಅಜ್ಜಿಯ ಕಾಲಿಗೆ ಎಣ್ಣೆ ತಿಕ್ಕಿದವಳು ನಾನು, ನೀನು ಅಜ್ಜಿಯ ಕೋಳಿ ತಿಂದವನು ಮಾತ್ರ ಎಂದಳು. ಕೊನೆಗೆ ನಾಣ್ಯ ಚಿಮ್ಮಿದೆವು. ಅಜ್ಜಿ ನನ್ನ ಪಾಲಿಗೆ ಬಂದಳು.

"ಹೋಗ್ಲಿ, ನನಗೆ ಸುಳ್ಳು ಬೇಡ" ಎಂದು ಜೆಸಿಂತಾ ಮೂಗು ಮುರಿದು, ಅರ್ಧ ಗಂಟೆಯಲ್ಲಿ ತನ್ನದನ್ನು ಬರೆದು ಮುಗಿಸಿದಳು. ಮಕ್ಕಳ ವಾರ್ಡಿನಲ್ಲಿ ಕೆಲಸ ಮಾಡಿದ್ದೇನೆ, ಆ ಕೆಲಸ ನನಗೆ ಬರುತ್ತದೆ, ಇನ್ನೂ ಚೆನ್ನಾಗಿ ಕಲಿಯಬೇಕು ಎಂದಿತ್ತು. ಇಷ್ಟೇ. ನಾನೂ ಹನೀಫನೂ ಓದಿ, ಪಾಪ, ಇವಳಿಗೆ ಬರೆಯಲಿಕ್ಕೆ ಬರುವುದಿಲ್ಲ ಎಂದು ಮರುಗಿದೆವು.

ಹನೀಫ್ ಅಜ್ಜಿಯರ ಅಭಾವವನ್ನು ಒಂಟೆಯಿಂದ ತುಂಬಿಸಿಕೊಂಡ. ಅರಬ್ ದೇಶದಿಂದ ಬರುವ ಅರ್ಜಿಯಲ್ಲಿ ಒಂಟೆ ಇಲ್ಲದಿದ್ದರೆ ಅಮೆರಿಕದವರಿಗೆ ಬೇಸರವಾಗಬಹುದು ಎಂದು ಅವನ ವಾದ. ಹದಿನಾಲ್ಕನೇ ವಯಸ್ಸಿನಲ್ಲಿ ಮರುಭೂಮಿಯಲ್ಲಿ ಒಂಟೆಯೊಂದಕ್ಕೆ ತಾನೊಬ್ಬನೇ ಹೆರಿಗೆ ಮಾಡಿಸಿದನೆಂದೂ, ಮರಿ ಕಣ್ಣು ಬಿಟ್ಟು ತನ್ನನ್ನು ನೋಡಿದಾಗ ಸೂರ್ಯ ಹುಟ್ಟುತ್ತಿದ್ದನೆಂದೂ, ಅಂದೇ ಮಕ್ಕಳ ಡಾಕ್ಟರಾಗಲು ನಿಶ್ಚಯಿಸಿದನೆಂದೂ ಬರೆದ. ಹನೀಫ್ ಒಂಟೆಯನ್ನು ಅತಿ ಹತ್ತಿರದಿಂದ ನೋಡಿದ್ದು ಮಕ್ಕಾ ರಸ್ತೆಯಲ್ಲಿ, ಓಡುವ ಕಾರಿನ ಕಿಟಕಿಯಿಂದ.

ನನ್ನ ಅಜ್ಜಿಯ ಸಾವು ಮಾತ್ರ ಬಹಳ ಚಂದ ಬಂತು. ಇಂಗ್ಲಿಷಿನಲ್ಲಿತ್ತು, ಅರ್ಥ ಹೀಗೆ: ಕಳೆದ ತಿಂಗಳು, ನನ್ನ ಹೌಸ್ ಸರ್ಜನ್ಸಿಯ ಕೊನೆಯ ವಾರ, ನನ್ನನ್ನು ಸಾಕಿದ ಅಜ್ಜಿಯನ್ನು ಹೃದಯದ ಕಾಯಿಲೆಯಿಂದ ನನ್ನದೇ ವಾರ್ಡಿಗೆ ತಂದರು, ಅವಳು ನನ್ನ ಕೈ ಹಿಡಿದುಕೊಂಡು ಕೊನೆಯುಸಿರೆಳೆದಳು, ಅವಳ ಕೈ ತಣ್ಣಗಾಗುವವರೆಗೂ ನಾನು ಬಿಡಲಿಲ್ಲ. ನಾನೇ ಅದನ್ನು ಎರಡು ಸಲ ಓದಿಕೊಂಡೆ.

ಹನೀಫ್ ಓದಿ ತಲೆಯಾಡಿಸಿದ. "ಉಪ್ಪು ಕಡಿಮೆ ಆಯ್ತು ಮಾರಾಯ." ಪೆನ್ನು ತೆಗೆದು, ಅಂಚಿನಲ್ಲಿ ಕೋಳಿ ಕೆದರಿದಂಥ ತನ್ನ ಅಕ್ಷರದಲ್ಲಿ ಒಂದು ಸಾಲು ಸೇರಿಸಿ, ಅದು ಎಲ್ಲಿಗೆ ಸೇರಬೇಕೆಂದು ಉದ್ದದ ಬಾಣದ ಗುರುತು ಹಾಕಿದ. ಆ ಸಾಲು ಇದು: ಪರದೇಶದಲ್ಲಿ ದುಡಿಯುತ್ತಿರುವ ನನ್ನ ತಂದೆಗೆ ತನ್ನ ತಾಯಿ ತೀರಿಕೊಂಡ ಸುದ್ದಿಯನ್ನು ನಾವು ಇಂದಿಗೂ ತಿಳಿಸಿಲ್ಲ.

ನಾವು ಹೊಟ್ಟೆ ಹಿಡಿದು ನಕ್ಕೆವು. ಆ ಸಾಲು ತೆಗೆಯಬೇಕು, ಪಪ್ಪನಿಗೆ ಇದೆಲ್ಲ ತಮಾಷೆಯ ಅಜ್ಜಿ ಎಂದು ಮೊದಲೇ ಹೇಳಬೇಕು ಎಂದುಕೊಂಡೆ. ಹೇಗೂ ಅವರಿಗೆ ಅರ್ಥ ಕಾಣುವುದಿಲ್ಲವಲ್ಲ, ಊಟ ಮಾಡಿ ಹೇಳಿದರಾಯಿತು ಎಂದೂ ಅಂದುಕೊಂಡೆ. ಗುರುವಾರ ಮಧ್ಯಾಹ್ನ. ಅಲ್ಲಿ ಶುಕ್ರವಾರ ರಜೆ, ಗುರುವಾರ ಪಪ್ಪನ ಆಫೀಸು ಅರ್ಧ ದಿನ. ಊಟವಾಯಿತು, ಮಮ್ಮಿ ಮಾಡಿದ ಸಿಗಡಿ ಚಟ್ನಿಯ ಗುಂಗಿನಲ್ಲಿ ಮಾತು ಮರೆತು ಹೋಯಿತು, ನಾವು ಒಳಗೆ ಕೇರಂ ಆಡಲು ಕುಳಿತೆವು. ಮೂವರ ಕಾಗದಗಳೂ ಹಾಲಿನ ಮೇಜಿನ ಮೇಲೇ ಇದ್ದವು. ಪಪ್ಪ ತಾವಾಗಿಯೇ ತೆಗೆದುಕೊಂಡು ಶುರು ಮಾಡಿದರು.

ಹೊರಗಿನಿಂದ ಟೈಪ್‌ರೈಟರಿನ ಸದ್ದು ಬರುತ್ತಿತ್ತು. ಜೆಸಿಂತಾಳದ್ದು ಮುಗಿಯಿತು. ಒಂಟೆ ಹೆತ್ತಿತು. ಆಮೇಲೆ ನನ್ನದು. ಸದ್ದು ಒಂದೇ ಸಮನೆ ಬಂದು, ನಿಧಾನವಾಯಿತು. ಒಂದೊಂದೇ ಅಕ್ಷರ ಬಿತ್ತು. ನಿಂತಿತು.

ನಾವು ಆಟದಲ್ಲಿದ್ದೆವು. ಬಾಗಿಲು ಹಾಕಿದ ಸದ್ದಾದಾಗ ಮಮ್ಮಿ ಅಡುಗೆಮನೆಯಿಂದ, "ಈ ಬಿಸಿಲಿನಲ್ಲಿ ಇವರು ಎಲ್ಲಿಗೆ ಹೊರಟರು? ಕೇಳಿದರೆ ಉತ್ತರ ಇಲ್ಲ" ಎಂದರು. ಆಗ ನನಗೆ ಏನೋ ಹೊಳೆದು ಹಾಲಿಗೆ ಓಡಿದೆ. ಮೆಷಿನ್ನಿನಲ್ಲಿ ಕಾಗದ ಹಾಗೆಯೇ ಇತ್ತು. ಹನೀಫನ ಕೆಟ್ಟ ಅಕ್ಷರ ಬಿಡಿಸಲಾಗದೆ ಪಪ್ಪ ಜೀವಮಾನದಲ್ಲಿ ಮೊದಲ ಬಾರಿಗೆ ಅರ್ಥ ನೋಡಿ ಟೈಪ್ ಮಾಡಿದ್ದರು. ಸಾಲು 'ನನ್ನ ತಂದೆಗೆ ತನ್ನ ತಾಯಿ' ಎಂಬಲ್ಲಿಗೆ ನಿಂತಿತ್ತು.

ನಿಮಗೆ ಇದು ಅಷ್ಟು ದೊಡ್ಡ ಸಂಗತಿ ಎನಿಸಲಿಕ್ಕಿಲ್ಲ. ಆದರೆ ಆ ಕಾಲದಲ್ಲಿ ಗಲ್ಫಿನಲ್ಲಿದ್ದವರಿಗೆ ಊರಿನ ಸಾವು ಹಾಗೆಯೇ ತಿಳಿಯುತ್ತಿದ್ದದ್ದು. ಪಾಪ, ಅಲ್ಲಿ ಒಬ್ಬನೇ ಇದ್ದಾನೆ, ರಜೆ ಸಿಕ್ಕುವುದಿಲ್ಲ, ಈಗ ಹೇಳಿ ಏನು ಪ್ರಯೋಜನ ಎಂದು ಮನೆಯವರು ಮುಚ್ಚಿಡುತ್ತಿದ್ದರು. ನಮ್ಮ ಕೆಳಗಿನ ಮನೆಯ ಡ್ರೈವರ್ ಒಬ್ಬರಿಗೆ ತಂದೆ ಹೋದದ್ದು ಗೊತ್ತಾದದ್ದು ಐದು ತಿಂಗಳ ಮೇಲೆ, ಊರಿನಿಂದ ಬಂದವರ ಬಾಯಿ ತಪ್ಪಿ. ಪಪ್ಪನಿಗೆ ಎರಡು ವಾರದಿಂದ ಅಜ್ಜಿಯ ಕಾಗದ ಬಂದಿರಲಿಲ್ಲ. ಹತ್ತು ದಿನದ ಹಿಂದೆ ಊರಿನಿಂದ ಬಂದ ಮಗ ಅಜ್ಜಿಯ ವಿಷಯ ಕೇಳಿದಾಗಲೆಲ್ಲ "ಇದ್ದಾಳೆ, ಇದ್ದಾಳೆ" ಎಂದು ಹಾರಿಕೆಯ ಉತ್ತರ ಕೊಟ್ಟಿದ್ದ. ನಾನು ಎಲ್ಲದಕ್ಕೂ ಕೊಡುವುದು ಅಂಥದೇ ಉತ್ತರ ಎಂಬುದು ಬೇರೆ ಮಾತು.

"ಟೆಲಿಫೋನ್ ಕ್ಯಾಬಿನ್ನಿಗೆ ಹೋಗಿರ್ತಾರೆ" ಎಂದಳು ಜೆಸಿಂತಾ. "ಓಡು. ದೊಡ್ಡಮ್ಮನಿಗೆ ನಾನು ಹೇಳ್ತೇನೆ."

ನಾನೂ ಹನೀಫನೂ ಚಪ್ಪಲಿ ಸಿಕ್ಕಿಸಿಕೊಂಡು ಓಡಿದೆವು. ಬಿಸಿಲಿಗೆ ಬೀದಿಯಲ್ಲಿ ಒಂದು ನಾಯಿಯೂ ಇರಲಿಲ್ಲ. ಕ್ಯಾಬಿನ್ ಎಂದರೆ ಎರಡು ಬೀದಿ ಆಚೆಗಿನ ಅಂಗಡಿ. ಒಳಗೆ ಸಾಲಾಗಿ ಮರದ ಗೂಡುಗಳು. ಕೌಂಟರಿನಲ್ಲಿ ಸುಡಾನಿನ ಒಬ್ಬ ಹಿರಿಯರಿಗೆ ನಂಬರ್ ಬರೆದು ಕೊಟ್ಟು ಕಾಯಬೇಕು. ನಾವು ಮುಟ್ಟುವಾಗ ಅವರು ಎಲ್ಲರನ್ನೂ ಹೊರಗೆ ಕಳಿಸಿ ಬಾಗಿಲು ಎಳೆಯುತ್ತಿದ್ದರು. ಅಸರಿನ, ಅಂದರೆ ಇಳಿಹೊತ್ತಿನ, ನಮಾಜಿನ ಬಾಂಗ್ ಆಗಿತ್ತು. ಅಂಗಡಿಗಳೆಲ್ಲ ಮುಚ್ಚುವ ಹೊತ್ತು.

ಪಪ್ಪ ಮೆಟ್ಟಿಲಿನ ಮೇಲೆ ಕುಳಿತಿದ್ದರು. ಅಂಗಿಯ ಗುಂಡಿ ಒಂದರದ್ದು ಇನ್ನೊಂದಕ್ಕೆ ಹಾಕಿಕೊಂಡಿದ್ದರು.

"ಪಪ್ಪ, ಅಜ್ಜಿ ಸತ್ತಿಲ್ಲ" ಎಂದೆ, ಏದುಸಿರಿನಲ್ಲಿ.

ಪಪ್ಪ ತಲೆ ಎತ್ತಿದರು. "ಸಮಾಧಾನ ಹೇಳ್ಬೇಡ ವಿನ್ನಿ. ಫೋನ್ ಸಿಕ್ಕಿತು. ಮೇಷ್ಟ್ರು ಹೇಳಿದರು."

ಮೇಷ್ಟ್ರು ಎಂದರೆ ಕಲ್ಯಾಣಪುರದಲ್ಲಿ ನಮ್ಮ ಪಕ್ಕದ ಮನೆಯವರು. ಆ ಸುತ್ತಿನಲ್ಲಿ ಫೋನ್ ಇದ್ದದ್ದು ಅವರ ಮನೆಯಲ್ಲಿ ಮಾತ್ರ.

"ಎಂತ ಹೇಳಿದರು?"

"ಅಮ್ಮ ಉಂಟಾ ಅಂತ ಕೇಳಿದೆ. 'ಅಮ್ಮನಾ? ಅವರು ಹೋದ್ರಲ್ಲ ಮಾರಾಯ್ರೆ, ಬೆಳಿಗ್ಗೆಯೇ ಹೋದ್ರು' ಅಂದರು. ಅಷ್ಟರಲ್ಲಿ ಲೈನ್ ಕಟ್ ಆಯ್ತು."

ಬೆಳಿಗ್ಗೆಯೇ! ಎಪ್ಪತ್ತೆಂಟು ವರ್ಷದ ಮುದುಕಿ. ನಾನು ಮಧ್ಯಾಹ್ನ ಕಾಗದದ ಮೇಲೆ ಸಾಯಿಸುವ ಹೊತ್ತಿಗೆ ಅವಳು ನಿಜವಾಗಿ ಹೋಗಿಬಿಟ್ಟಿದ್ದಳೇ? ಇದು ಸುಳ್ಳು ಎಂದು ಪಪ್ಪನಿಗೆ ಹೇಳಲು ಬಂದವನು ನಾನೇ ನಂಬಿಬಿಟ್ಟೆ.

ಹನೀಫ್ ನನ್ನ ಕಿವಿಯಲ್ಲಿ, "ನಾನು ನಮಾಜಿಗೆ ಹೋಗಿ ಬರ್ತೇನೆ. ಅಜ್ಜಿಗೆ ದುಆ ಮಾಡ್ತೇನೆ. ಬದುಕಿದವರಿಗೆ ಮಾಡುವುದಾ, ಹೋದವರಿಗೆ ಮಾಡುವುದಾ, ಅದನ್ನೊಂದು ಹೇಳು ಮಾರಾಯ" ಎಂದ. "ಎರಡನ್ನೂ ಮಾಡು" ಎಂದೆ. ಅವನು ತಲೆ ತಗ್ಗಿಸಿ ಹೋದ.

ನಾನು ಪಪ್ಪನ ಪಕ್ಕದಲ್ಲಿ ಕುಳಿತೆ. ಮೆಟ್ಟಿಲು ಕಾದ ಹೆಂಚಿನ ಹಾಗಿತ್ತು. ಪಪ್ಪ ಹೇಳಿದರು. "ನಿನ್ನ ಕೈ ಹಿಡಿದುಕೊಂಡಿದ್ದಳಂತೆ. ಬರೆದಿದ್ದಿ."

ಕಾಗದದಲ್ಲಿ ಕಳೆದ ತಿಂಗಳು ಸತ್ತವಳು ಇವತ್ತು ಬೆಳಿಗ್ಗೆ ಹೇಗೆ ಹೋದಳು ಎಂದು ಲೆಕ್ಕ ಹಾಕುವ ಸ್ಥಿತಿಯಲ್ಲಿ ಅವರಿರಲಿಲ್ಲ.

"ಪುಣ್ಯ. ನನ್ನದಲ್ಲದಿದ್ದರೂ ನಿನ್ನ ಕೈ ಆದರೂ ಇತ್ತಲ್ಲ. ನಿನ್ನನ್ನು ಡಾಕ್ಟರ್ ಮಾಡಿದ್ದಕ್ಕೆ ಅಷ್ಟಾದರೂ ಆಯ್ತು." ಅವರು ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡರು. "ಹೇಳಬೇಕಿತ್ತು ನೀನು. ನಾನೇನು ಬಿದ್ದು ಹೋಗ್ತಿದ್ದೆನಾ?"

"ಪಪ್ಪ, ನಾನು ಕೈ ಹಿಡಿಯಲಿಲ್ಲ."

"ಹಿಡಿಯಲಿಲ್ಲವಾ?"

"ಇಲ್ಲ. ಅಜ್ಜಿ ನಮ್ಮ ವಾರ್ಡಿಗೆ ಬರಲೇ ಇಲ್ಲ. ಅದು ಸುಳ್ಳು. ಅಮೆರಿಕಕ್ಕೆ ಬರೆದದ್ದು."

ಪಪ್ಪ ನನ್ನನ್ನು ನೋಡಿದ ರೀತಿ ಈಗಲೂ ಕಣ್ಣ ಮುಂದಿದೆ. "ಹಾಗಾದರೆ ಅವಳ ಹತ್ತಿರ ಯಾರೂ ಇರಲಿಲ್ಲವಾ?" ಎಂದರು. ಸುಳ್ಳು ಬರೆದೆ ಎಂಬುದು ಅವರ ತಲೆಗೇ ಹೋಗಲಿಲ್ಲ. ನನಗೆ ಎಲ್ಲವನ್ನೂ ಮೊದಲಿನಿಂದ ಹೇಳಬೇಕಾಯಿತು. ಚಾಪೆ, ವಿಮ್ಟೊ, ಹನೀಫನ ಸೀನಿಯರ್, ಅವರ ಅಜ್ಜ, ನಾಣ್ಯ, ಒಂಟೆ. ಆ ಮೆಟ್ಟಿಲಿನ ಮೇಲೆ, ಅಳು ಬರುವ ಸ್ವರದಲ್ಲಿ, ಒಂಟೆಯ ಹೆರಿಗೆಯನ್ನು ವಿವರಿಸುವ ಕಷ್ಟ ಯಾರಿಗೂ ಬೇಡ. ಮಧ್ಯದಲ್ಲಿ ಪಪ್ಪ, "ಆ ಒಂಟೆ ಯಾರದ್ದು ಅಂತ ಆಗಲೇ ಯೋಚನೆ ಮಾಡಿದೆ" ಎಂದರು. ಅರ್ಥ ನೋಡುವುದಿಲ್ಲ ಎಂಬ ಅವರ ಬಿರುದು ಅಂದೇ ನನ್ನ ಲೆಕ್ಕದಲ್ಲಿ ಬಿದ್ದು ಹೋಯಿತು.

ಎಲ್ಲ ಕೇಳಿ ಅವರು ಹೇಳಿದ್ದು ಒಂದೇ. "ಆದರೆ ಮೇಷ್ಟ್ರು ಸುಳ್ಳು ಹೇಳುವವರಲ್ಲ."

ಆಮೇಲಿನ ಕಾಲು ಗಂಟೆ ನಾವಿಬ್ಬರೂ ಮುಚ್ಚಿದ ಬಾಗಿಲು ನೋಡುತ್ತಾ ಕಾದೆವು. ಡಾಕ್ಟರ್ ಆಗಿ ಈಗ ಇಷ್ಟು ವರ್ಷಗಳಲ್ಲಿ ಎಷ್ಟೋ ಮಂದಿಯನ್ನು ಬಾಗಿಲ ಹೊರಗೆ ಬೆಂಚಿನ ಮೇಲೆ ಹಾಗೆ ಕಾಯಿಸಿದ್ದೇನೆ. ಬಾಗಿಲಿನ ಆಚೆಯ ಕಡೆ ಹೇಗಿರುತ್ತದೆ ಎಂದು ಆ ದಿನ ತಿಳಿಯಿತು.

ಸುಡಾನಿ ಹಿರಿಯರು ನಮಾಜು ಮುಗಿಸಿ ಬಂದು ಬಾಗಿಲು ತೆಗೆದರು. ಪಪ್ಪನ ಮುಖ ನೋಡಿದವರೇ, ಸಾಲಿನಲ್ಲಿದ್ದ ಉಳಿದವರನ್ನು ಕೈಯಲ್ಲೇ ತಡೆದು, "ಯಲ್ಲಾ, ನೀನು ಮೊದಲು" ಎಂದು ಸನ್ನೆ ಮಾಡಿದರು. ಹನೀಫನೂ ಬಂದು ಸೇರಿಕೊಂಡ. ಗೂಡಿನೊಳಗೆ ಒಬ್ಬರು ನಿಲ್ಲುವಷ್ಟೇ ಜಾಗ. ಮೂವರೂ ನುಗ್ಗಿ ನಿಂತೆವು. ಮೂರನೇ ಪ್ರಯತ್ನಕ್ಕೆ ಗಂಟೆ ಹೊಡೆಯಿತು.

"ಹಲೋ ಮೇಷ್ಟ್ರೇ, ಅಮ್ಮ..." ಎಂದು ಪಪ್ಪ ನಿಲ್ಲಿಸಿದರು.

ಮೇಷ್ಟ್ರ ಸ್ವರ ಗೂಡಿನ ತುಂಬ ಕೇಳುತ್ತಿತ್ತು. ಸಮುದ್ರ ದಾಟಬೇಕಲ್ಲ ಎಂದು ಅವರು ಫೋನಿನಲ್ಲಿ ಯಾವಾಗಲೂ ಕೂಗಿಯೇ ಮಾತಾಡುವುದು. "ಆಗ ಕಟ್ ಆಯ್ತು ನೋಡಿ! ಹೇಳ್ತಾ ಇದ್ದೆ, ಬೆಳಿಗ್ಗೆಯೇ ಹೋದ್ರು ಅಂತ, ಮೂಡುಬೆಳ್ಳೆಗೆ! ತಂಗಿಯ ಮೊಮ್ಮಗುವಿನ ನಾಮಕರಣವಂತೆ! ಈಗಷ್ಟೇ ಬಸ್ಸು ಇಳಿದರು! ಇಗೊಳ್ಳಿ, ಬಂದರು!"

ಪಪ್ಪ ಗೋಡೆಗೆ ಒರಗಿದರು. ನನ್ನ ಹಿಂದೆ ಹನೀಫ್ ಅಳುತ್ತಿದ್ದ. ತನಗೂ ಒಬ್ಬಳು ಅಜ್ಜಿ ಉಳಿದಳಲ್ಲ ಎಂಬ ಸಂತೋಷಕ್ಕೆ ಅತ್ತದ್ದೆಂದು ಆಮೇಲೆ ಹೇಳಿದ.

ಅಜ್ಜಿಯ ಮೊದಲ ಮಾತು, "ಎಂತದಕ್ಕೆ ಇಷ್ಟು ದುಡ್ಡು ಹಾಕಿ ಫೋನ್ ಮಾಡುವುದು ನೀನು? ಕಾಗದ ಬರೆಯಲಿಕ್ಕೆ ಬರುವುದಿಲ್ಲವಾ?" ಪಪ್ಪ ನಕ್ಕರು, ಕಣ್ಣು ಒರೆಸಿಕೊಂಡರು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದರು. ಆ ಕಡೆಯಿಂದ ಅಜ್ಜಿ, "ಅವನಿಗೆ ಕೊಡು ಫೋನು."

ನಾನು ರಿಸೀವರ್ ಹಿಡಿದುಕೊಂಡು ನಿಂತೆ.

"ಎಂತ ಕಾಯಿಲೆ ಹಾಕಿದ್ದು ನನಗೆ?"

"ಹಾರ್ಟ್... ಹೃದಯದ್ದು, ಅಜ್ಜಿ."

"ಹೃದಯಕ್ಕೆ ಎಂತ ಆಗಿದೆ ನನಗೆ? ಗುಡ್ಡೆ ಹತ್ತಿ ಇಗರ್ಜಿಯ ಪೂಜೆಗೆ ನಡೆದು ಹೋಗ್ತೇನೆ ನಾನು. ಇದ್ದ ಕಾಯಿಲೆ ಸಕ್ಕರೆಯದ್ದು. ಅಷ್ಟೂ ಗೊತ್ತಿಲ್ಲದವನಿಗೆ ಅಮೆರಿಕದವರು ಎಂತ ಕಲಿಸುವುದು? ಇಡು ಫೋನ್."

ಮನೆಗೆ ಬಂದರೆ ಇನ್ನೊಂದು ಅವಾಂತರ. ಜೆಸಿಂತಾ, "ದೊಡ್ಡಮ್ಮ, ವಿನ್ನಿ ಅಜ್ಜಿ ಸತ್ತಳು ಅಂತ..." ಎಂದು ಶುರು ಮಾಡಿ 'ಬರೆದಿದ್ದಾನೆ' ಎನ್ನುವ ಮೊದಲೇ ಮಮ್ಮಿ ಅಲಮಾರಿಯ ಬಾಗಿಲು ತೆಗೆದು, ಆ ದೇಶದಲ್ಲಿ ಹೊರಗೆ ಇಡುವಂತಿಲ್ಲದೆ ಒಳಗಿಟ್ಟಿದ್ದ ದೇವಮಾತೆಯ ಪಟದ ಮುಂದೆ ಮೊಂಬತ್ತಿ ಹಚ್ಚಿ ಮೊಣಕಾಲೂರಿದ್ದರು. ಪೂರ್ತಿ ಸಂಗತಿ ಕೇಳಿದ ಮೇಲೂ ಮೊಂಬತ್ತಿ ಆರಿಸಲು ಒಪ್ಪಲಿಲ್ಲ. "ಹಚ್ಚಿದ್ದು ಹಚ್ಚಿ ಆಯ್ತು. ಅವರ ಆಯುಷ್ಯಕ್ಕೆ ಇರಲಿ" ಎಂದರು. ಆಮೇಲೆ ನನಗೂ ಹನೀಫನಿಗೂ ಕೊಂಕಣಿಯಲ್ಲಿ ಸಿಕ್ಕಿದ ಬೈಗುಳವನ್ನು ಇಲ್ಲಿ ಬರೆಯುವಂತಿಲ್ಲ. ಹನೀಫನಿಗೆ ಕೊಂಕಣಿ ಬಾರದಿದ್ದರೂ ಒಂದೊಂದು ಶಬ್ದವೂ ಅರ್ಥವಾಯಿತಂತೆ.

ಪಪ್ಪ ಮೆಷಿನ್ನಿನಿಂದ ಕಾಗದ ಎಳೆದು ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿಕೊಂಡರು. "ನಿನ್ನದು ನೀನೇ ಟೈಪ್ ಮಾಡು" ಎಂದಷ್ಟೇ ಹೇಳಿದರು.

ಶುಕ್ರವಾರವಿಡೀ ನಾನು ಎರಡು ಬೆರಳಿನಲ್ಲಿ ಕುಟ್ಟಿದೆ. ಬೇರೇನೂ ಹೊಳೆಯದೆ, ಹಿಂದಿನ ದಿನ ಆದದ್ದನ್ನೇ ಬರೆದೆ. ಬದುಕಿರುವ ಅಜ್ಜಿಯನ್ನು ಅರ್ಜಿಗೋಸ್ಕರ ಸಾಯಿಸಿದ್ದು, ಪಪ್ಪ ಅದನ್ನು ನಂಬಿದ್ದು, ಮೆಟ್ಟಿಲಿನ ಮೇಲೆ ನಾವಿಬ್ಬರೂ ಕಾದದ್ದು. ನಾನು ಯಾಕೆ ಡಾಕ್ಟರನಾದೆ ಎಂದು ನನಗೇ ಸರಿಯಾಗಿ ಗೊತ್ತಿಲ್ಲ, ಆದರೆ ಕಾಯುವವರಿಗೆ ಸುದ್ದಿಯನ್ನು ಬೇಗ ಹೇಳಬೇಕು, ನಿಜ ಹೇಳಬೇಕು ಎಂಬುದು ಈಗ ಗೊತ್ತಾಗಿದೆ ಎಂದು ಮುಗಿಸಿದೆ. ಬಿಳಿ ಮಸಿ ಬಳಿದು ಬಳಿದು ಕಾಗದ ಸುಣ್ಣ ಹೊಡೆದ ಗೋಡೆಯ ಹಾಗಾಗಿತ್ತು. ಪಪ್ಪ ಹಿಂದಿನಿಂದ ಬಂದು, ಕನ್ನಡಕ ಹಾಕಿಕೊಂಡು, ಮೊದಲಿನಿಂದ ಕೊನೆಯವರೆಗೂ ಓದಿದರು. "ಸ್ಪೆಲ್ಲಿಂಗ್ ನಾಲ್ಕು ತಪ್ಪಿದೆ" ಎಂದರು. ನನ್ನನ್ನು ಎಬ್ಬಿಸಿ ತಾವೇ ಕುಳಿತರು. ಹನ್ನೊಂದು ಆಸ್ಪತ್ರೆಗಳಿಗೆ ಹನ್ನೊಂದು ಪ್ರತಿ. ಮಳೆ ಸುರಿದ ಸದ್ದು.

ಜೆಸಿಂತಾಳಿಗೆ ಸೀಟು ಸಿಕ್ಕಿತು. ಅವಳ ಆ ಬಡ ಕಾಗದಕ್ಕೇ ಸಿಕ್ಕಿತು. ಹನೀಫನಿಗೆ ಒಂದು ಕಡೆ ಇಂಟರ್‌ವ್ಯೂ ಬಂತು. ಅಲ್ಲಿಯವರೆಗೂ ಹೋದ. ಪ್ರಶ್ನೆ ಕೇಳಲು ಕುಳಿತ ಡಾಕ್ಟರರು ಹಸು ಸಾಕುವವರ ಮನೆಯಲ್ಲಿ ಬೆಳೆದವರಂತೆ. ಔಷಧದ ಒಂದು ಪ್ರಶ್ನೆಯನ್ನೂ ಕೇಳದೆ, ಒಂಟೆ ಎಷ್ಟು ತಿಂಗಳು ಹೊರುತ್ತದೆ ಎಂದು ಕೇಳಿದರು. ಹನೀಫ್ ಧೈರ್ಯವಾಗಿ, ಒಂಬತ್ತು ತಿಂಗಳು, ಒಂಬತ್ತು ದಿನ ಎಂದ. ಒಂಟೆ ಹೊರುವುದು ಹದಿಮೂರು ತಿಂಗಳಂತೆ. ಅವನು ಈಗ ಮಂಗಳೂರಿನಲ್ಲಿ ಮಕ್ಕಳ ಡಾಕ್ಟರ್. ಅವನ ಕ್ಲಿನಿಕ್ಕಿನ ಗೋಡೆಯಲ್ಲಿ ಆನೆ, ಜಿರಾಫೆ, ಮೊಲ ಎಲ್ಲ ಇವೆ, ಒಂಟೆ ಇಲ್ಲ.

ನನಗೆ ಹನ್ನೊಂದೂ ಕಡೆಯಿಂದ ಇಲ್ಲ ಎಂದೇ ಬಂತು. ಹತ್ತು ಕಾಗದಗಳು ಒಂದೇ ಅಚ್ಚಿನವು. ಹನ್ನೊಂದನೆಯದು ಮಾತ್ರ ಬೇರೆ. ಅಲ್ಲಿಯ ಯಾರೋ ಪುಣ್ಯಾತ್ಮರು ನನ್ನ ಪುಟದ ಮೊದಲ ನಾಲ್ಕು ಸಾಲು, ಅಂದರೆ ನಾನು ಕಟ್ಟಿದ ಅಜ್ಜಿಯ ಸಾವು, ಅಷ್ಟನ್ನು ಮಾತ್ರ ಓದಿದ್ದಿರಬೇಕು. ಸೀಟು ಕೊಡಲಾಗದ್ದಕ್ಕೆ ವಿಷಾದಿಸಿ, ಕೆಳಗೆ, 'ತಮ್ಮ ಪ್ರೀತಿಯ ಅಜ್ಜಿಯವರ ನಿಧನಕ್ಕೆ ನಮ್ಮ ಇಡೀ ವಿಭಾಗದ ಪರವಾಗಿ ಹೃತ್ಪೂರ್ವಕ ಸಂತಾಪಗಳು. ಅವರು ಅಸಾಧಾರಣ ಮಹಿಳೆಯಾಗಿದ್ದಿರಬೇಕು' ಎಂದು ಸೇರಿಸಿದ್ದರು.

ಆಗ ಊರಿಗೆ ಕಾಗದಕ್ಕಿಂತ ಕ್ಯಾಸೆಟ್ ಕಳಿಸುವ ಸಂಭ್ರಮ ಹೆಚ್ಚು. ಪಪ್ಪ ಟೇಪ್ ರೆಕಾರ್ಡರಿನ ಮುಂದೆ ಕುಳಿತು ಆ ಕಾಗದವನ್ನು ಅಜ್ಜಿಗೆ ಓದಿ, ಅರ್ಥ ಹೇಳಿ, ಊರಿಗೆ ಹೊರಟವರ ಕೈಯಲ್ಲಿ ಕ್ಯಾಸೆಟ್ ಕಳಿಸಿದರು. ತಿಂಗಳಾಗುವಾಗ ಉತ್ತರದ ಕ್ಯಾಸೆಟ್ ಬಂತು. ನಾವೆಲ್ಲ ಸುತ್ತ ಕುಳಿತು ಹಾಕಿದೆವು. ಮೊದಲು ಕೋಳಿ ಕೂಗಿದ ಸದ್ದು, ಆಮೇಲೆ ಸೋದರತ್ತೆ "ಈಗ ಮಾತಾಡು, ಕೆಂಪು ಲೈಟ್ ಬಂತು" ಎಂದದ್ದು. ಆಮೇಲೆ ಅಜ್ಜಿ.

"ಆ ಅಮೆರಿಕದವರು ಬಹಳ ಮರ್ಯಾದೆಯ ಜನ. ನನ್ನನ್ನು ನೋಡದವರು ಇಷ್ಟು ಬರೆದಿದ್ದಾರೆ. ನೋಡಿದವರು ಯಾರೂ ಹೀಗೆ ಹೇಳಲಿಲ್ಲ. ಪಾದ್ರಿಗಳಿಗೂ ಹೇಳಿದೆ. ಸುಮ್ಮನೆ ಕೂತರೆ ಚಂದ ಅಲ್ಲ, ಅವರಿಗೆ ಒಂದು ಉಪಕಾರದ ಕಾಗದ ಬರೆಯಬೇಕು. ಟೈಪ್ ಮಾಡಿ ಇಲ್ಲಿಗೆ ಕಳಿಸು. ಸಹಿ ನಾನೇ ಹಾಕ್ತೇನೆ."

"ಅಮ್ಮ, ಸತ್ತವರು ಹೇಗೆ ಬರೆಯುವುದು?" ಎಂದು ಪಪ್ಪ ಟೇಪ್ ರೆಕಾರ್ಡರಿಗೇ ಕೇಳಿಬಿಟ್ಟರು.

ಕೇಳಿದರೂ ಟೈಪ್ ಮಾಡಿದರು. ತಮ್ಮ ಸಂತಾಪಕ್ಕೆ ಕೃತಜ್ಞತೆಗಳು ಎಂದು ಮೂರೇ ಸಾಲು. ಅದು ಜೆದ್ದಾದಿಂದ ಕಲ್ಯಾಣಪುರಕ್ಕೆ ಹೋಯಿತು. ಅಜ್ಜಿ ಕನ್ನಡದಲ್ಲಿ, ನಡುಗುವ ದೊಡ್ಡ ಅಕ್ಷರಗಳಲ್ಲಿ ತನ್ನ ಹೆಸರು ಬರೆದಳು. ಬರೆದು ನೋಡಿದರೆ ಕೆಳಗೆ ಇನ್ನೂ ಬಹಳ ಜಾಗ ಉಳಿದಿತ್ತಂತೆ. ಖಾಲಿ ಕಾಗದ ಕಳಿಸುವುದು ಸರಿಯಲ್ಲ ಎಂದು ಮೇಷ್ಟ್ರನ್ನು ಕರೆಸಿ, ಅವರ ಚಂದದ ಇಂಗ್ಲಿಷಿನಲ್ಲಿ ಒಂದು ಮಾತು ಸೇರಿಸಿ, ಅಮೆರಿಕಕ್ಕೆ ಅಂಚೆಗೆ ಹಾಕಿಸಿದಳು:

"ನಾನು ಇಲ್ಲಿ ಕ್ಷೇಮ. ನಿಮ್ಮ ಕ್ಷೇಮಕ್ಕೆ ಆಗಾಗ ಬರೆಯುತ್ತಿರಿ."